ಮೇಲಿನ ಕೋಣೆಯ ವೈರ್

ನಾನು ಸಂಶಯದವಳು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಾನು ಹಾಲು ನೋಡುವುದಿಲ್ಲ, ಅವನ ಕೈ ನೋಡುತ್ತೇನೆ. ಅದರಲ್ಲಿ ತಪ್ಪೇನು ಅಂತ ಮೊನ್ನೆಮೊನ್ನೆಯವರೆಗೂ ನನಗೆ ತಿಳಿದಿರಲಿಲ್ಲ.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರುಗಳಿವೆ. ಪ್ರಿಂಟರ್ ಇರುವ ನನ್ನದು ಕೆಳಗೆ. ನನ್ನ ನೆಗೆಣ್ಣಿ ಸೋನಾಲಿಯದು ಮೇಲೆ. ಅವಳು ಹುಮನಾಬಾದಿನ ಹುಡುಗಿ, ನನ್ನ ಮೈದುನ ಗುರುಲಿಂಗನ ಹೆಂಡತಿ. ಅವಳು ಮೇಲೆ ಕೂತು ಲಗ್ನಪತ್ರಿಕೆಗಳನ್ನು ಚಂದ ಮಾಡಿ ಬರೆಯುತ್ತಾಳೆ, ನಾನು ಕೆಳಗೆ ಕೂತು ಅವುಗಳ ತಪ್ಪು ತಿದ್ದಿ ಪ್ರಿಂಟ್ ತೆಗೆಯುತ್ತೇನೆ. ಗಂಡಂದಿರು ಹೊಲ, ಅಂಗಡಿ ಅಂತ ಹೊರಗೇ ಇರುವವರು. ನನ್ನದು ಅಂತ ನನಗಿರುವುದು ಈ ಕೆಲಸವೊಂದೇ, ಅದೂ ಸೋನಾಲಿ ಇಲ್ಲದಿದ್ದರೆ ಅರ್ಧ.

ಎರಡೂ ಕಂಪ್ಯೂಟರಿನ ವೈರುಗಳು ದೇವರ ಮನೆಯ ಗೂಡಿನಲ್ಲಿರುವ ಒಂದು ಸಣ್ಣ ಪೆಟ್ಟಿಗೆಗೆ ಬಂದು ಸೇರುತ್ತವೆ. ತಿಳಿದವರು ಅದಕ್ಕೆ ಸ್ವಿಚ್ ಅನ್ನುತ್ತಾರೆ, ನಾವು ಡಬ್ಬಿ ಅನ್ನುತ್ತೇವೆ. ಇನ್ವರ್ಟರಿನ ಪ್ಲಗ್ ಇದ್ದದ್ದು ಅಲ್ಲೇ, ಅದಕ್ಕೇ ಡಬ್ಬಿಯೂ ಅಲ್ಲಿಗೆ ಹೋಯಿತು. ಹುಮನಾಬಾದಿನ ರಿಪೇರಿಯವ ಸಿರಾಜುದ್ದೀನ್ ಬಾಗಿಲ ಹೊರಗೆ ನಿಂತು ಹೇಳಿಕೊಟ್ಟ, ಸ್ನಾನ ಮಾಡಿದ್ದ ನನ್ನ ಗಂಡ ಒಳಗೆ ಹೋಗಿ ಜೋಡಿಸಿದರು. ಸ್ನಾನವಿಲ್ಲದೆ ಯಾರೂ ಆ ಕೋಣೆಗೆ ಕಾಲಿಡುವಂತಿಲ್ಲ.

ಈ ಲೈನಿನಿಂದಲೇ ಸೋನಾಲಿಯ ಫೋಲ್ಡರ್ ನನ್ನ ಪರದೆಯಲ್ಲಿ ತೆರೆಯುವುದು. ಶ್ರಾವಣದಲ್ಲಿ ಅದು ಕೈಕೊಡತೊಡಗಿತು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ನನ್ನ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಬೀಳುತ್ತಿತ್ತು, ಸೋನಾಲಿಯ ಫೋಲ್ಡರ್ ತೆರೆಯುತ್ತಿರಲಿಲ್ಲ. ಆಮೇಲೆ ತಾನಾಗಿ ಸರಿಹೋಗುತ್ತಿತ್ತು.

ಮೊದಲು ವೈರಿನ ಮೇಲೆ ಸಂಶಯ ಬಂತು. ಇಲಿ ಕಡಿದಿದೆಯೇನೋ ಅಂತ ಮೆಟ್ಟಿಲುದ್ದಕ್ಕೂ ಬೆರಳಾಡಿಸಿ ನೋಡಿದೆ. ಹೊಸ ವೈರ್ ಹಾಕಿಸಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮಧ್ಯಾಹ್ನ ಸ್ನಾನ ಮುಗಿಸಿ ಡಬ್ಬಿಯನ್ನೂ ನೋಡಿ ಬಂದೆ. ಹಸಿರು ದೀಪಗಳು ಚೆನ್ನಾಗಿಯೇ ಮಿನುಗುತ್ತಿದ್ದವು. ಡಬ್ಬಿ ಸರಿ, ವೈರ್ ಸರಿ, ನಾನಂತೂ ಸರಿಯೇ. ಉಳಿದವಳು ಒಬ್ಬಳು.

ಸರಿಯಾಗಿ ಅದೇ ಹೊತ್ತಿಗೆ ಅವಳು ಬಾಗಿಲು ಮುಂದೆ ಮಾಡಿಕೊಂಡು ತವರಿನವರ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಎರಡು ಸಲ ಕೆಳಗೆ ಬಂದು, "ಅಕ್ಕಾ, ಆ ಡಬ್ಬಿ ಬ್ಯಾರೆ ಕಡಿ ಇಡೂಣೇನ್ರಿ?" ಅಂತ ಕೇಳಿದ್ದಳು. ಡಬ್ಬಿಯನ್ನು ತನ್ನ ಕೋಣೆಗೆ ಒಯ್ದು ಕೀಲಿ ಕೈಯಲ್ಲಿ ಇಟ್ಟುಕೊಳ್ಳುವ ಹೂಟ ಅಂತ ಆಗಲೇ ನನಗೆ ಹೊಳೆಯಿತು. ಒಂದು ದಿನ ಅವಳು ಬಟ್ಟೆ ಒಣಹಾಕಲು ಹೋದಾಗ ಅವಳ ಕಂಪ್ಯೂಟರಿಗೆ ವೈರ್ ಕೂಡುವ ಜಾಗದ ಅಂಚಿಗೆ ಉಗುರುಬಣ್ಣದ ಚುಕ್ಕೆ ಇಟ್ಟು ಬಂದೆ. ಕಿತ್ತು ಹಾಕಿದರೆ ಚುಕ್ಕೆ ಒಡೆಯಬೇಕು. ಮರುದಿನ ನೋಡಿದರೆ ಚುಕ್ಕೆ ಇದ್ದ ಹಾಗೇ ಇತ್ತು. ಚುಕ್ಕೆಯನ್ನೂ ತಿರುಗಿ ಇಡುವಷ್ಟು ಜಾಣೆ ಅಂದುಕೊಂಡೆ.

ಒಂದು ಬೆಳಿಗ್ಗೆ ರಾಜೇಶ್ವರದಿಂದ ಮದುವೆ ಮನೆಯವರು ಬಂದರು. ಪತ್ರಿಕೆ ತೋರಿಸೋಣವೆಂದರೆ ಪರದೆಯಲ್ಲಿ ಕೆಂಪು ಗುರುತು. ಅವರು ಸ್ವಲ್ಪ ಹೊತ್ತು ಕೂತು, ಬೇರೆ ಕಡೆ ಮಾಡಿಸುತ್ತೇವೆ ಅಂತ ಎದ್ದುಹೋದರು. ನಾನು ಮೆಟ್ಟಿಲು ಹತ್ತಿ ಹೋಗಿ ಸೋನಾಲಿಯ ಎದುರು ನಿಂತೆ.

"ವೈರ್ ಯಾಕ ಕೀಳ್ತಿ?"

"ನಾ ಯಾಕ ಕೀಳಲಿ ಅಕ್ಕಾ?"

"ಹುಮನಾಬಾದದಾಗ ನಿಂದೇ ಬ್ಯಾರೆ ಧಂದಾ ಹಚ್ಚಾಕ. ನನ್ನ ಗಿರಾಕಿ ಓಡಸಾಕತ್ತಿ. ನಾ ಏನು ಕುರುಡಿ ಅಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ನೆಲ ನೋಡಿದಳು. ಕಳ್ಳರು ಹೀಗೇ ಸುಮ್ಮನಾಗುತ್ತಾರೆ ಅಂದುಕೊಂಡು ಕೆಳಗಿಳಿದೆ. ಮಧ್ಯಾಹ್ನ ಅವಳು ಒಂದು ಚೀಲ ತುಂಬಿಕೊಂಡು ಹುಮನಾಬಾದಿನ ಬಸ್ ಹತ್ತಿದಳು.

ಮರುದಿನ ಸಿರಾಜುದ್ದೀನನನ್ನು ಕರೆಸಿದೆ. ರಿಪೇರಿಗಲ್ಲ, ಸಾಕ್ಷಿಗೆ. ಅವನು ಬಂದು ಕೂತು ಚಹಾ ಮುಗಿಸುವಷ್ಟರಲ್ಲಿ ಕೆಂಪು ಗುರುತು ಬಿತ್ತು. ಸೋನಾಲಿ ಊರಲ್ಲಿಲ್ಲ, ಮೇಲಿನ ಕೋಣೆಗೆ ಬೀಗ. ಹೋಗುವ ಮುಂಚೆ ಕಂಪ್ಯೂಟರಿಗೆ ಏನೋ ಮಾಡಿಟ್ಟು ಹೋಗಿದ್ದಾಳೆ ಅಂತಲೇ ನನ್ನ ಬುದ್ಧಿ ಓಡಿತು, ಅದನ್ನೇ ಅವನಿಗೂ ಹೇಳಿದೆ. ಅವನು ನನ್ನ ಕಂಪ್ಯೂಟರಿನ ಹಿಂದೆ ಬಗ್ಗಿದ.

"ಇಲ್ಲಿ ಬರ್ರಿ ಅಕ್ಕಾರೆ. ವೈರ್ ಕೂಡೋ ಜಾಗಾದಾಗ ದೀಪ ಹತ್ತ್ಯಾದೇನು ನೋಡ್ರಿ."

"ಇಲ್ಲ."

"ನಿಮ್ಮ ವೈರ್ ಡಬ್ಬಿ ತನಕಾನೇ ಹೋಗ್ತದ. ಮ್ಯಾಲಿನಾಕಿ ತನ್ನ ವೈರ್ ಕಿತ್ರ ಆಕಿ ದೀಪ ಆರ್ತದ, ನಿಮ್ಮದು ಆರೂದಿಲ್ಲ. ನಿಮ್ಮದೂ ಆರ್ಯಾದ ಅಂದ್ರ ಡಬ್ಬೀನೇ ಬಂದ್ ಆಗ್ಯಾದ. ಆವಾಗಷ್ಟೇ ಈ ಕೆಂಪು ಗುರ್ತು ಬೀಳೂದು. ಇದು ಯಾವಾಗಿಂದ ಬರಾಕತ್ತದ್ರಿ?"

"ಮೊದಲನೇ ದಿನದಿಂದ."

"ಹಂಗಾರ ಮೊದಲನೇ ದಿನದಿಂದ ಆಕಿದೇನೂ ತಪ್ಪಿಲ್ರಿ."

ನಾನು ಡಬ್ಬಿಯ ಕಡೆ ತಿರುಗಿದೆ. ದೇವರ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ನನ್ನ ಅತ್ತೆ ಶಕುಂತಲಾಬಾಯಿ ಲಿಂಗಪೂಜೆಗೆ ಕೂತಿದ್ದರು. ಆ ಹೊತ್ತಿನಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ, ಬಾಗಿಲನ್ನೂ ಮುಟ್ಟುವುದಿಲ್ಲ. ಮೆಟ್ಟಿಲು, ವೈರ್, ಮೇಲಿನ ಕೋಣೆ ಎಲ್ಲ ಜಾಲಾಡಿದ ನಾನು ಪೂಜೆಯ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅರ್ಧ ತಾಸು ಕಾದೆವು. ನನ್ನ ಕಂಪ್ಯೂಟರಿನ ಹಿಂದೆ ದೀಪ ಹತ್ತಿತು, ಅದರ ಹಿಂದೆಯೇ ಬಾಗಿಲು ತೆರೆದು ಅತ್ತೆ ಹೊರಗೆ ಬಂದರು.

"ಶ್ರಾವಣದಿಂದ ಮಣಕಾಲು ಹಿಡದಾವ," ಅಂದರು ಅತ್ತೆ, ನಾನು ಕೇಳಿದ ಮೇಲೆ. "ಕುರ್ಚಿ ಮ್ಯಾಲ ಕುಂದ್ರತೀನಿ. ಆ ಡಬ್ಬಿ ಕಣ್ಣಿಗಿ ಸಮ ಬಂದದ. ಅಂಗೈಯಾಗಿನ ಲಿಂಗದ ಮ್ಯಾಲ ದೃಷ್ಟಿ ಇಟ್ರ ಅತ್ತಾಗ ಹಸರ ದೀಪ ಮಿಣಮಿಣ ಅಂತಾವ. ಅದಕ್ಕ ಡಬ್ಬಿ ಕರೆಂಟಿನ ಪಿನ್ನು ತಗದು ಇಡ್ತೀನಿ, ಎದ್ದ ಮ್ಯಾಲ ಹಾಕ್ತೀನಿ."

"ನನಗ ಒಂದು ಮಾತು ಹೇಳಬಾರದೇನು ಅತ್ತಿ?"

ಅತ್ತೆ ಸಿರಾಜುದ್ದೀನನ ಕಡೆ ನೋಡಿ ದನಿ ತಗ್ಗಿಸಿದರು. "ನೀ ಕೇಳೂದು ನೋಡಿದ್ರ ನನಗ ಅಂಜಿಕಿ ಬರ್ತದವ್ವಾ. ಸೋನಾಲಿ ಒಮ್ಮಿ ನೋಡಿದ್ಳು. ಅಕ್ಕಗ ಹೇಳಬ್ಯಾಡ ಅಂತ ನಾನೇ ಆಣಿ ಹಾಕ್ಸಿದ್ದೆ."

ಈ ವಯಸ್ಸಿನ ಹೆಂಗಸು, ತನ್ನದೇ ಮನೆಯಲ್ಲಿ, ನನಗೆ ಅಂಜಿ ಪಿನ್ನು ಕಿತ್ತು ತಿರುಗಿ ಹಾಕುತ್ತಿದ್ದರು. ಅದೇ ಮಧ್ಯಾಹ್ನ ಹುಮನಾಬಾದಿನ ಬಸ್ ಹತ್ತಿದೆ.

ಸೋನಾಲಿ ತವರಿನ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನೀರು ಕೊಟ್ಟಳು. ನಾನು ಎಲ್ಲವನ್ನೂ ಹೇಳಿ, "ತಪ್ಪಾತು ಸೋನಾಲಿ," ಅಂದೆ.

"ಅತ್ತಿಯವರಿಗಿ ಬೈದ್ರೇನ್ರಿ?" ಅವಳು ಕೇಳಿದ್ದು ಅಷ್ಟೇ.

"ಇಲ್ಲ."

"ಅವರಿಗಿ ಬೈದ್ರ ತಡ್ಕೊಳ್ಳಾಂಗಿಲ್ಲ, ನನಗ ಬೈದ್ರ ನಾ ತಡ್ಕೋತೀನಿ ಅನ್ಕೊಂಡಿದ್ದೆ. ಕಳ್ಳಿ ಅಂತ ತಿಳ್ಕೋತೀರಿ ಅಂತ ಅನ್ಕೊಂಡಿರಲಿಲ್ಲ." ಬೇಳೆಯ ಮೊರ ಒಳಗಿಟ್ಟು ಬಂದಳು. "ನಡೀರಿ, ಬರ್ತೀನಿ."

ಸಂಜೆಯ ಬಸ್ಸಿಗೆ ಇಬ್ಬರೂ ಮರಳಿದೆವು. ಮರುದಿನ ನನ್ನ ಗಂಡ ಇನ್ವರ್ಟರಿನ ಪ್ಲಗ್ಗನ್ನೂ ಹೊರಗೆಳೆದು, ಡಬ್ಬಿಯನ್ನು ಮೆಟ್ಟಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ಈಗ ಅತ್ತೆಯ ಪೂಜೆಯೂ ನಡೆಯುತ್ತದೆ, ದೀಪಗಳೂ ಉರಿಯುತ್ತವೆ, ಲೈನ್ ಒಂದು ಗಳಿಗೆಯೂ ಹೋಗುವುದಿಲ್ಲ.

ಹೊಸ ಪತ್ರಿಕೆಯೊಂದನ್ನು ತಿದ್ದಬೇಕಿತ್ತು. ಸೋನಾಲಿಯ ಫೋಲ್ಡರ್ ಒತ್ತಿದೆ. ಮೂರು ವರ್ಷದಲ್ಲಿ ಮೊದಲ ಸಲ ಅದು ಪಾಸ್‌ವರ್ಡ್ ಕೇಳಿತು.

ಮೇಲೆ ಅವಳು ಓಡಾಡುವ ಸಪ್ಪಳ ಕೇಳುತ್ತಿತ್ತು. ಕರೆದು ಕೇಳಬಹುದಿತ್ತು. ಸ್ವಲ್ಪ ಹೊತ್ತಿಗೆ ಅವಳೇ ಇಳಿದು ಬಂದು ಪೆನ್ ಡ್ರೈವ್ ಕೊಟ್ಟಳು.

"ತಗೋರಿ ಅಕ್ಕಾ, ಇದರಾಗ ಹಾಕೇನಿ," ಅಂದಳು, ನಕ್ಕೇ ಅಂದಳು.

ಯಾಕೆ ಅಂತ ನಾನು ಕೇಳಲಿಲ್ಲ. ಪೆನ್ ಡ್ರೈವ್ ಹಾಕಿ ಪತ್ರಿಕೆ ತೆರೆದೆ. ಅದರಲ್ಲಿ ನನಗೆ ತಿದ್ದಲು ಅಂತ ಅವಳು ಒಂದು ತಪ್ಪೂ ಬಿಟ್ಟಿರಲಿಲ್ಲ.