ಗಾದಿ ಓಣಿಯವರು ಆಡಿದ ಮಾತು

ಶಿಗ್ಗಾಂವಿ ಊರಿನ ಮಾಸ್ಟರ್ ಪ್ಲಾನ್ ಹೊಸದಾಗಿ ಮಾಡುತ್ತಾರಂತೆ, ಎಲ್ಲಿ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂಬುದನ್ನು ಜನರನ್ನು ಕೇಳಿಯೇ ಗೊತ್ತುಮಾಡುತ್ತಾರಂತೆ ಎಂಬ ಸುದ್ದಿಯನ್ನು ಗಾದಿ ಓಣಿಗೆ ತಂದವಳು ಶಬೀನಾ. ಊರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಅಪ್ಪನ ಕಸುಬಿಗೇ ಕೈಹಾಕಿದ ಹುಡುಗಿ ಆಕೆ. ಕೆಳಗಿನ ಪಡಸಾಲೆಯಲ್ಲಿ ಅಪ್ಪ ಹಸನಸಾಬ ಯಂತ್ರಕ್ಕೆ ಅರಳೆ ಕೊಟ್ಟು ಹಿಂಜುತ್ತಿದ್ದ. ಶಬೀನಾ ಪಕ್ಕದಲ್ಲೇ ಕುಳಿತು ಗಾದಿ ಹೊಲಿಯುತ್ತಿದ್ದಳು. ಉಣ್ಣುವುದು, ಮಲಗುವುದು ಮೇಲಿನ ಅಟ್ಟದಲ್ಲಿ. ಓಣಿಯ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಎದುರುಮನೆಯ ಖಲಂದರ ಮಷಿನ್ನಿಗೆ ಕಟ್ಟಿಗೆ ಕೊಟ್ಟು ಮಂಚದ ಕಾಲು, ತೊಟ್ಟಿಲ ಗುಂಡು ಕಡೆಯುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮಂಚಕ್ಕೂ ಗಾದಿಗೂ ಜನ ಇಲ್ಲಿಗೇ ಬರುತ್ತಿದ್ದರು.

ಆದರೆ ಊರಿನ ಹಳೆಯ ನಕಾಶೆಯಲ್ಲಿ ಇದು ಬರೀ ವಸತಿ ಓಣಿ. ಹಾಗಾಗಿ ಕಸುಬಿಗೆ ಲೈಸನ್ಸ್ ಇಲ್ಲ, ಯಂತ್ರಕ್ಕೆ ಬೇರೆ ಮೀಟರ್ ಇಲ್ಲ. ಎಲ್ಲವೂ ಮನೆಯ ಕರೆಂಟಿನ ಮೇಲೆಯೇ ನಡೆಯುತ್ತಿತ್ತು. ಮನೆಯೂ ಕಸುಬೂ ಕೂಡಿದ ಓಣಿ ಎಂದು ಹೊಸ ಪ್ಲಾನಿನಲ್ಲಿ ಒಂದು ಮಾತು ಸೇರಿಬಿಟ್ಟರೆ ಕಳ್ಳರ ಹಾಗೆ ದುಡಿಯುವುದು ತಪ್ಪುತ್ತದೆ ಎಂದು ಶಬೀನಾಗೆ ಅನಿಸಿತು.

ಹಸನಸಾಬನಿಗೆ ಇದು ಸೇರಲಿಲ್ಲ.

“ಯಾರ ಕಣ್ಣಿಗೂ ಬೀಳದಂಗ ಇಷ್ಟು ವರ್ಷ ತಗದೇವಿ. ಇನ್ನ ಮುಂದನೂ ಹಂಗ ಇರೂಣು,” ಎಂದ.

“ಅವ್ರ ಕೇಳಾಕತ್ತಾರಪ್ಪಾ. ಕೇಳಿದಾಗೂ ಬಾಯಿ ಬಿಡದಿದ್ರ ಹೆಂಗ?”

“ಕೇಳಾವ್ರು ಯಾಕ ಕೇಳ್ತಾರ ಅನ್ನೋದು ನಮಗ ಗೊತ್ತಿಲ್ಲವ್ವಾ.”

ಅವಳು ಅಪ್ಪನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮನೆಮನೆಗೆ ಹೋಗಿ ಹೇಳಿದಳು. ಖಲಂದರ ಮೊದಲು ನಕ್ಕ. “ನಾ ಕಟಿಗಿ ಕಡಿಯಾಂವ, ಸಭಾದಾಗ ಏನ್ ಮಾತಾಡ್ಲಿ?” ಎಂದ. “ಏನ್ ಮಾಡ್ತೀರಿ, ಹೆಂಗ ಮಾಡ್ತೀರಿ, ಅಷ್ಟ ಹೇಳ್ರಿ ಕಾಕಾ. ಇದ್ದದ್ದ ಇದ್ದಂಗ ಹೇಳ್ರಿ,” ಎಂದು ಅವಳು ಬೆನ್ನು ಬಿಡಲಿಲ್ಲ. ಕೊನೆಗೆ ಒಪ್ಪಿದ. ಅವನು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು.

ಸಭೆ ಸೇರಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಕಲ್ಯಾಣ ಮಂಟಪದಲ್ಲಿ. ಪ್ಲಾನ್ ಬರೆಯುವ ತಂಡದ ಎಂಜಿನಿಯರ್ ರಘುವೀರ ಹುಬ್ಬಳ್ಳಿಯಿಂದ ಬಂದಿದ್ದ. ದರ್ಪದ ಮನುಷ್ಯನಲ್ಲ. ಗೋಡೆಯ ಮೇಲೆ ಊರಿನ ನಕಾಶೆ ತೋರಿಸಿ, ಮುದುಕಿಯರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಹಳದಿ ಬಣ್ಣ ಬಂದರೆ ಮನೆ, ನೀಲಿ ಅಂಗಡಿ, ನೇರಳೆ ಕಾರ್ಖಾನೆ. ಗಾದಿ ಓಣಿ ಹಳದಿಯಲ್ಲಿ ಮುಳುಗಿತ್ತು.

ಶಬೀನಾ ಎದ್ದು ನಿಂತಳು. ಮಾತು ತಡವರಿಸಲಿಲ್ಲ. ತಮ್ಮ ಮನೆಯಲ್ಲಿ ಯಂತ್ರ ಹೇಗೆ ಓಡುತ್ತದೆ ಎಂದು ಹೇಳಿದಳು. ಅರಳೆಯ ಧೂಳಿಗೆ ಪರದೆ ಕಟ್ಟುತ್ತೇವೆ, ಆದರೂ ಅಷ್ಟಿಷ್ಟು ಹೊರಗೆ ಹೋಗುತ್ತದೆ ಎಂದಳು. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಓಣಿಯೊಳಗೆ ಬರಲಾರದು, ಒಂದು ದೊಡ್ಡ ನಳ ಹಾಕಿಸಿಕೊಡಿ ಎಂದು ಬೇಡಿದಳು. ಅವಳ ಹಿಂದೆ ಖಲಂದರ ಎದ್ದ. ಅವನ ಹಿಂದೆ ಉಳಿದವರು. ಹುಟ್ಟಿದಾಗಿನಿಂದ ಮೈಕು ಮುಟ್ಟದವರು ತಮ್ಮ ಪಡಸಾಲೆಯ ಯಂತ್ರದ ಬಗ್ಗೆ ಮೊಮ್ಮಗನ ಬಗ್ಗೆ ಹೇಳಿದಷ್ಟು ಪ್ರೀತಿಯಿಂದ ಹೇಳಿದರು. ಹಿಂದೆ ಕುಳಿತವರು ಚಪ್ಪಾಳೆ ತಟ್ಟಿದರು.

“ಇಂಥಾ ಮಾತು ಬೇಕಾಗಿತ್ತು ನಮಗ,” ಎಂದ ರಘುವೀರ. “ಎಲ್ಲಾ ಬರಕೊಂಡೇವಿ.”

ಆ ಸಂಜೆ ಖಲಂದರ ಓಣಿಗೆಲ್ಲ ಚಹಾ ಕುಡಿಸಿದ. ಹಸನಸಾಬನೂ ಕುಡಿದ. ಮಗಳ ಕಡೆ ನೋಡಿ, “ಚಲೋ ಮಾತಾಡಿದಿ,” ಎಂದ. ಆ ಸಂಜೆಯಷ್ಟು ಹಗುರಾಗಿ ಶಬೀನಾ ಹಿಂದೆಂದೂ ಇದ್ದದ್ದಿಲ್ಲ.

ಮಳೆಗಾಲ ಕಳೆದ ಮೇಲೆ ಪ್ಲಾನ್ ಮಂಜೂರಾಗಿ ಬಂತು. ಗಾದಿ ಓಣಿ ಹಳದಿಯಾಗಿಯೇ ಉಳಿದಿತ್ತು. ಜೊತೆಗೊಂದು ಹೊಸ ನಿಯಮ: ವಸತಿ ಓಣಿಯಲ್ಲಿ ಅರಳೆ ಹಿಂಜುವುದು, ಕಟ್ಟಿಗೆ ಕಡೆಯುವುದು ಇನ್ನು ಮುಂದೆ ಇಲ್ಲ. ಅಂಥವರು ಹೆದ್ದಾರಿ ಕಡೆಯ ಕೈಗಾರಿಕಾ ಜಾಗಕ್ಕೆ ಹೋಗಬೇಕು. ವಾರದೊಳಗೆ ಮನೆಮನೆಗೆ ನೋಟಿಸು ಬಂತು. ಸಭೆಯಲ್ಲಿ ಯಾರು ಯಾರು ಎದ್ದು ಮಾತಾಡಿದ್ದರೋ, ಅವರ ಮನೆಗೇ ಮೊದಲು ಬಂತು.

ಶಬೀನಾ ಹುಬ್ಬಳ್ಳಿಯ ಬಸ್ ಹತ್ತಿ ರಘುವೀರನ ಕಚೇರಿಗೆ ಹೋದಳು. ಅವಳನ್ನು ನೋಡಿದ ಕೂಡಲೇ ಅವನ ಮುಖ ಇಳಿಯಿತು. “ಕುಂತ್ಕೋರಿ,” ಎಂದು ಕುರ್ಚಿ ಎಳೆದ.

“ನೀವೇ ಹೇಳ್ರಿ ಅಂದ್ರಿ. ಹೇಳಿದಿವಿ. ಹಿಂಗ್ಯಾಕ ಮಾಡಿದ್ರಿ ಸರ್?”

“ಕೂಡಿದ ಓಣಿ ಮಾಡ್ರಿ ಅಂತನ ನಾ ಬರದಿದ್ದೆ. ಮ್ಯಾಲಿನವ್ರು ನಿಮ್ಮ ಮಾತನ್ನ ನನಗ ಓದಿ ತೋರಿಸಿದ್ರು. ಮನ್ಯಾಗ ಯಂತ್ರ ಅದಾವ, ಧೂಳ ಹೊರಗ ಬರ್ತದ, ಬೆಂಕಿ ಬಿದ್ರ ಗಾಡಿ ಹೋಗೂದಿಲ್ಲ, ಇದನ್ನೆಲ್ಲಾ ಆ ಮಂದಿನ ಹೇಳ್ಯಾರಲ್ಲಾ ಅಂದ್ರು. ಗೊತ್ತಿದ್ದೂ ಬಿಟ್ರ ನಾಳೆ ನಮ್ಮ ಕುತ್ತಿಗಿಗೆ ಬರ್ತದ ಅಂದ್ರು.”

“ನಾವು ಹೇಳದಿದ್ರ?”

ರಘುವೀರ ಕಿಟಕಿಯ ಕಡೆ ನೋಡಿದ. “ಹೇಳದಿದ್ರ ಹಳೇದ ಮುಂದುವರೀತಿತ್ತು. ಯಾರೂ ಬಂದು ನೋಡ್ತಿರಲಿಲ್ಲ.”

ತಕರಾರು ಅರ್ಜಿ ಕೊಡಬಹುದೇ ಎಂದು ಕೇಳಿದಳು. ಕೊಡಬಹುದು, ಆದರೆ ಈ ಪ್ಲಾನ್ ಮತ್ತೆ ತಿದ್ದಲು ಹತ್ತು ವರ್ಷ ಬೇಕು ಎಂದ. ಸುಳ್ಳು ಭರವಸೆ ಕೊಡಲಿಲ್ಲ, ಅಷ್ಟೇ ಅವನ ಒಳ್ಳೆಯತನ.

ಬಾಯಿ ಬಿಡದಿದ್ದರೆ ಯಾರೂ ಬಂದು ನೋಡುತ್ತಿರಲಿಲ್ಲ ಎಂಬ ಮಾತನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ; ಓಣಿಯವರಿಗೆ ತಾವಾಗಿಯೇ ತಿಳಿದಿತ್ತು. ನಳದ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕರೆಂಟಿನವರು ಬಂದು ಲೈನು ಕತ್ತರಿಸಿ ಹೋದ ಮೇಲೆ ಖಲಂದರ ತನ್ನ ಮಷಿನ್ ಬಿಚ್ಚಿ ಟೆಂಪೋಕ್ಕೆ ಹೇರಿದ. ಹೆಂಡತಿಯ ತವರು ಹಿರೇಬೆಂಡಿಗೇರಿಯಲ್ಲಿ ಒಂದು ತಗಡಿನ ಶೆಡ್ಡು ಸಿಕ್ಕಿತ್ತು. ಶಬೀನಾ ಬಾಗಿಲಿಗೆ ಬಂದು ನಿಂತಳು.

“ಕಾಕಾ, ನಾ ಹಿಂಗಾಗ್ತೈತಿ ಅಂತ...”

“ಗೊತ್ತೈತಿ ಬಿಡವ್ವಾ,” ಎಂದ ಖಲಂದರ. ಸಿಟ್ಟಿನಿಂದಲ್ಲ. ಆದರೆ ಅವಳ ಮುಖ ನೋಡದೆಯೇ ಟೆಂಪೋ ಹತ್ತಿದ.

ಹಸನಸಾಬನೂ ಅವಳಿಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಒಂದು ದಿನ ಇಬ್ಬರೂ ಹೊಸ ಕೈಗಾರಿಕಾ ಜಾಗ ನೋಡಲು ಹೋದರು. ತಡಸದ ಕಡೆ ಹೋಗುವ ಹೆದ್ದಾರಿಗೆ ಹತ್ತಿಕೊಂಡ ಗರಸು ಕಲ್ಲಿನ ಬಯಲು. ಮುಂದಿನ ಸಾಲೆಲ್ಲ ದೊಡ್ಡ ಗೋದಾಮಿನವರಿಗೆ ಹೋಗಿಬಿಟ್ಟಿತ್ತು. ಹಿಂದಿನ ಸಾಲಿಗೆ ನೀರಿಲ್ಲ, ಕರೆಂಟಿನ ಕಂಬವಿಲ್ಲ. ಹಸನಸಾಬ ಹಿಂದಿನ ಸಾಲಿನ ತನಕ ನಡೆದು ನೋಡಿ ಬಂದು, “ನಡಿ, ಬಸ್ ತಪ್ಪೀತು,” ಎಂದ.

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬಳು ಹೊರಳಿ ನೋಡಿ ಗುರುತು ಹಿಡಿದಳು.

“ಗಾದಿ ಹಸನಸಾಬ ಅಲ್ಲೇನ್ರಿ? ಮಗಳ ಮದಿವಿ ಐತ್ರಿ ಮಾಗ್ಯಾಗ. ನನ್ನ ಮದಿವಿ ಗಾದಿನೂ ನೀವ ಮಾಡಿದ್ರಿ. ಅರಳಿ ತರ್ಲೇನ್ರಿ?”

ಶಬೀನಾ ಕಿಟಕಿಯ ಸರಳು ಹಿಡಿದು ಹೊರಗೆ ನೋಡತೊಡಗಿದಳು.

“ಈಗ ಮಾಡೂದಿಲ್ಲವ್ವಾ,” ಎಂದ ಹಸನಸಾಬ. “ಶಿಗ್ಗಾಂವ್ಯಾಗ ಅಂಗಡಿ ಆಗ್ಯಾವ. ಫೋಮಿನ್ವು ಸಿಗ್ತಾವ. ಅವನ್ನ ತಗೋ.”