ಮಲಗಿ ನೋಡಿದ ಮನೆ

ದೊಡ್ಡಬೀರಯ್ಯ ಹೆಗಲ ಮೇಲಿನ ಟವೆಲ್ಲನ್ನು ಗ್ರಾನೈಟ್ ನೆಲದ ಮೇಲೆ ಹಾಸಿ, ಮಟಮಟ ಮಧ್ಯಾಹ್ನದಲ್ಲಿ ಆ ಖಾಲಿ ಮನೆಯ ನಡುವೆ ಮಲಗಿಯೇಬಿಟ್ಟರು. ಮನೆ ತೋರಿಸಲು ಬಂದಿದ್ದ ದಲ್ಲಾಳಿ ಸಿದ್ದಮಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ. ಆಯ ಲೆಕ್ಕ ಹಾಕಿಸಿದವರನ್ನು, ಬಾಗಿಲಿಗೆ ಗೇಣು ಹಾಕಿದವರನ್ನು, ಬಾವಿಯ ನೀರು ಕುಡಿದು ನೋಡಿದವರನ್ನು ಅವನು ಕಂಡಿದ್ದ. ನಿದ್ದೆ ಮಾಡಿ ಮನೆ ನೋಡುವವರು ಇವರೇ ಮೊದಲು. ಹೆಂಡತಿ, ಮಗಳೊಂದಿಗೆ ಬಂದಿದ್ದ ಮಗ ಶಿವಮೂರ್ತಿಗೆ ಅಪ್ಪನನ್ನು ಯಾಕಾದರೂ ಕರೆತಂದೆನೋ ಎನಿಸಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು, ಕಟ್ಟಿದ ಮನೆ ಕೊಳ್ಳುವವರ ಪಾಡನ್ನು ಯಾಕೆ ಕೈಬಿಟ್ಟರೋ! ಶಿವಮೂರ್ತಿ ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಬಾಡಿಗೆ ಮನೆಯ ಥಂಡಿಗೆ ಅವನ ಐದು ವರ್ಷದ ಮಗಳು ಅನುವಿಗೆ ಉಬ್ಬಸ ಹತ್ತಿಕೊಂಡಿತ್ತು. ಅಂಗಾತ ಮಲಗಿಸಿದರೆ ಎದೆಯೊಳಗೆ ಕುಯ್ಯೋ ಎನ್ನುವುದು. ಅವನ ಹೆಂಡತಿ ಶಿವರಂಜಿನಿ ಮಗಳನ್ನು ಎದೆಗೆ ಒರಗಿಸಿಕೊಂಡು ಕೂತೇ ಮಲಗಿಸುತ್ತಿದ್ದಳು. ಗಾಳಿ ಬೆಳಕು ಇರುವ ಮನೆಗೆ ಹೋಗಿ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಅದಕ್ಕೇ ಹುಡುಕಾಟ ಶುರುವಾಗಿದ್ದು. ಆದರೆ ನಾಲ್ಕು ಮನೆ ನೋಡುವಷ್ಟರಲ್ಲಿ ಶಿವಮೂರ್ತಿಯ ತಲೆಯಲ್ಲಿ ಗಾಳಿಯ ಜಾಗಕ್ಕೆ ಗ್ರಾನೈಟು, ಬೆಳಕಿನ ಜಾಗಕ್ಕೆ ಆರ್ಚು ಬಂದು ಕೂತಿದ್ದವು. ಕಾರು ನಿಲ್ಲಿಸಲು ಜಾಗವೂ ಬೇಕಿತ್ತು. ಕಾರು ಮಾತ್ರ ಇರಲಿಲ್ಲ.

ದೊಡ್ಡಬೀರಯ್ಯ ಸಂತೆಮರಹಳ್ಳಿ ಕಡೆಯವರು, ಮೂವತ್ತು ವರ್ಷ ರೇಷ್ಮೆಹುಳು ಸಾಕಿದವರು. ಥಂಡಿ ಹೆಚ್ಚಾದರೆ ಹುಳು ಸುಣ್ಣಕಟ್ಟಿ ಬಿಳುಚಿಕೊಂಡು ಸಾಯುತ್ತದೆ, ಸೆಕೆ ಹೆಚ್ಚಾದರೆ ಸಪ್ಪೆಯಾಗಿ ಸಾಯುತ್ತದೆ. ಹಾಗಾಗಿ ಪ್ರತಿ ಬೆಳೆಗೂ ಹುಳು ತರುವ ಮುಂಚೆ ಸಾಕುವ ಕೋಣೆಯಲ್ಲಿ ಒಂದು ಮಧ್ಯಾಹ್ನ ತಾವೇ ಮಲಗಿ ನೋಡುವುದು ಅವರ ಪದ್ಧತಿ.

ಗ್ರಾನೈಟ್ ನೆಲದಿಂದ ಹತ್ತು ನಿಮಿಷಕ್ಕೆಲ್ಲ ಎದ್ದರು. ಕುತ್ತಿಗೆ ಬೆವತಿತ್ತು. ಹೊಸ ಪೇಂಟು ಹೊಡೆದ ಗೋಡೆಯ ಬುಡವನ್ನು ಬೆರಳಿನಿಂದ ಉಜ್ಜಿ, ಉದುರಿದ ಬಿಳಿ ಪುಡಿಯನ್ನು ಮಗನಿಗೆ ತೋರಿಸಿದರು. ಒಳಗೆ ತೇವ ಇದೆ, ಬೇಡ ಎಂದರು. ಶಿವಮೂರ್ತಿ ಅಂದು ಮುಂಗಡ ಕೊಡುವುದೆಂದೇ ಬಂದಿದ್ದ. ಮುಖ ಊದಿಸಿಕೊಂಡ.

ಹಳ್ಳಿಯ ಯಜಮಾನರಿಗೆ ಹೆಂಚಿನ ಮನೆಯೇ ಹಿಡಿಸುವುದೆಂದು ಲೆಕ್ಕ ಹಾಕಿದ ಸಿದ್ದಮಲ್ಲಪ್ಪ ಹಳೇ ಬೀದಿಗೆ ಕರೆದೊಯ್ದ. ಜಗಲಿ, ಮರದ ಕಂಬ ನೋಡಿದ್ದೇ ತಡ, ಶಿವರಂಜಿನಿ ಕರಗಿಹೋದಳು. ದೊಡ್ಡಬೀರಯ್ಯ ಅಲ್ಲೂ ಮಲಗಿದರು. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದ ಮಣ್ಣು ಕಣ್ಣಿಗೇ ಉದುರಿತು. ಬಾಗಿಲಲ್ಲಿದ್ದ ಅನು ಎರಡು ಸಲ ಕೆಮ್ಮಿದಳು. ತಂಪೇನೋ ಇದೆ, ಈ ಧೂಳು ಕೂಸಿಗಾಗುವುದಿಲ್ಲ ಎಂದು ಅವರು ಮೈ ಕೊಡವಿಕೊಂಡು ಹೊರಬಂದರು.

ಅಂದಿನ ಮೂರನೆಯದನ್ನು ಸಿದ್ದಮಲ್ಲಪ್ಪ ಬೇರೆ ದಾರಿಯಿಲ್ಲದೆ ತೋರಿಸಿದ. ಯಾರೋ ಮೇಷ್ಟ್ರು ತಮಗೆ ತೋಚಿದಂತೆ ಕಟ್ಟಿಸಿದ ತಾರಸಿ ಮನೆ. ಎತ್ತರದ ಸೂರು, ಎದುರುಬದುರು ಕಿಟಕಿ, ಮೇಲೆ ಸಾಲಾಗಿ ಗಾಳಿಗಂಡಿ, ಕೆಂಪು ಗಾರೆಯ ನೆಲ. ಸೈಕಲ್ಲು ಮಾತ್ರ ಹೋಗುವ ಓಣಿ. ಸಾಲದ್ದಕ್ಕೆ ತೆಂಕಣ ಬಾಗಿಲು. ಎರಡು ವರ್ಷದಿಂದ ಒಬ್ಬರೂ ಮುಟ್ಟಿರಲಿಲ್ಲ. ಇದೊಳ್ಳೆ ಸ್ಕೂಲ್ ರೂಮಿನ ಹಾಗಿದೆ, ಆಫೀಸಿನವರು ಗೃಹಪ್ರವೇಶಕ್ಕೆ ಬಂದರೆ ಹಾಜರಿ ಕೂಗುತ್ತಾರೆ ಎಂದು ಶಿವಮೂರ್ತಿ ಗೊಣಗುತ್ತಿರುವಾಗಲೇ ಅಪ್ಪ ಮತ್ತೆ ಟವೆಲ್ಲು ಹಾಸಿದ್ದರು.

"ಸಾಕು ಎದ್ದೇಳಪ್ಪ," ಎಂದ ಶಿವಮೂರ್ತಿ. ಮಧ್ಯಾಹ್ನದಿಂದ ಅದುಮಿಟ್ಟಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. "ನಾವು ನೋಡ್ತಿರೋದು ಉಳ ಸಾಕೋ ಮನೆ ಅಲ್ಲ. ಮನುಸ್ರು ಬದ್ಕೋ ಮನೆ."

ಶಿವರಂಜಿನಿ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. ದೊಡ್ಡಬೀರಯ್ಯ ಏಳಲಿಲ್ಲ. ಸೂರು ನೋಡುತ್ತ ಮೆಲ್ಲಗೆ ಹೇಳಿದರು.

"ಉಳ ಬಾಯ್ಬುಟ್ಟು ಯೋಳಕಿಲ್ಲ ಕಣಪ್ಪ. ಉಸ್ರು ಕಟ್ತದೆ ಅಂತ ಅದ್ಕೆ ಅನ್ನಕ್ಕೆ ಬರಕಿಲ್ಲ, ಸುಮ್ಕೆ ಮೇವು ಬುಟ್ಬುಟ್ಟು ಸತ್ತೋಯ್ತದೆ. ಅದ್ಕೇ ಮೊದ್ಲು ನಾನು ಮನೀಕೊಂಡು ಉಸ್ರಾಡಿ ನೋಡದು. ಕೂಸ್ಗಾದ್ರೂ ಏನ್ ಯೋಳಕ್ಕೆ ಬಂದದ್ಲಾ?"

ಶಿವಮೂರ್ತಿಗೆ ತನ್ನ ನಾಲಗೆ ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ ಸುತ್ತಾಡಿ ಸುಸ್ತಾಗಿದ್ದ ಅನು ಚಪ್ಪಲಿ ಕಳಚಿ, ತಾತನ ತೋಳಿನ ಮೇಲೆ ತಲೆಯಿಟ್ಟು ಮಲಗಿದಳು. ಶಿವರಂಜಿನಿ ಅಭ್ಯಾಸಬಲದಿಂದ ಮಗಳನ್ನು ಎತ್ತಿ ಒರಗಿಸಿಕೊಳ್ಳಲು ಬಗ್ಗಿದಳು. ಇರಲಿ ತಾಯಿ, ಒಂದು ಗಳಿಗೆ ನೋಡೋಣ ಎಂದರು ಮಾವ.

ಒಂದು ಗಳಿಗೆಯಾಯಿತು, ಅರ್ಧ ಗಂಟೆಯಾಯಿತು. ಹುಡುಗಿ ಅಂಗಾತ ಬಿದ್ದುಕೊಂಡು ನಿದ್ದೆಹೋಗಿದ್ದಳು. ಶಿವಮೂರ್ತಿ ಇಸ್ತ್ರಿ ಪ್ಯಾಂಟಿನಲ್ಲೇ ಬರಿ ನೆಲದ ಮೇಲೆ ಮಗಳ ಪಕ್ಕ ಮಲಗಿ, ಅವಳ ಎದೆಯ ಹತ್ತಿರ ಕಿವಿಯಿಟ್ಟ. ಆಚೆ ಎಲ್ಲೋ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಎದೆಯಿಂದ ಬರೀ ಉಸಿರು.

"ಸಾರ್, ಆ ತೆಂಕ್ಲು ಬಾಗ್ಲಿಗೆ ಒಂದು ಉಪಾಯ ಅದೆ," ಎಂದು ಬಾಗಿಲಲ್ಲಿ ಸಿದ್ದಮಲ್ಲಪ್ಪ ಶುರುಮಾಡಿದ.

ಶಿವಮೂರ್ತಿ ತಲೆಯೆತ್ತದೆ, ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಗೋಡೆಗೆ ಒರಗಿ ಕೂತಿದ್ದ ಶಿವರಂಜಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿದ್ದಮಲ್ಲಪ್ಪ ನಾಲ್ವರನ್ನೂ ಒಂದು ಸಲ ನೋಡಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಮೆಟ್ಟಿಲಿಳಿದ.