ದೂಜಣ್ಣನ ನಾಲ್ಕು ಹಲ್ಲು

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂರು ತಿಂಗಳಿಂದ ಇಡ್ಲಿ ಕೆಟ್ಟಿತ್ತು. ಒಂದು ದಿನ ಕಲ್ಲು, ಇನ್ನೊಂದು ದಿನ ಅಂಟು. ದಿನಾ ಬರುವ ಗಿರಾಕಿಗಳು ಹೇಳಿ ನೋಡಿದರು, ಆಮೇಲೆ ಹೇಳುವುದನ್ನು ಬಿಟ್ಟು ಎದುರಿನ ಹೋಟೆಲಿಗೆ ನಡೆದರು. ಅಕ್ಕಿಯ ಅಂಗಡಿ ಬದಲಾಯಿತು, ಗ್ರೈಂಡರ್ ರಿಪೇರಿಯಾಯಿತು, ಇಡ್ಲಿ ಮಾತ್ರ ಹಾಗೇ ಇತ್ತು. ಕಾರಣ ಗೊತ್ತಿದ್ದದ್ದು ಒಬ್ಬನಿಗೇ, ಅಡುಗೆಮನೆಯ ಹಿರಿಯ ದೂಜಣ್ಣನಿಗೆ. ಅವನು ಬಾಯಿ ಬಿಡುತ್ತಿರಲಿಲ್ಲ.

ನೆನೆಹಾಕಿದ ಅಕ್ಕಿ ರುಬ್ಬಲು ಬಂತೋ ಇಲ್ಲವೋ ಎಂಬುದನ್ನು ಗಡಿಯಾರ ಹೇಳುವುದಿಲ್ಲ ನೋಡಿ. ಮಳೆಗಾಲಕ್ಕೊಂದು ಹೊತ್ತು, ಬೇಸಿಗೆಗೊಂದು ಹೊತ್ತು. ದೂಜಣ್ಣ ಮೂವತ್ತು ವರ್ಷ ನಾಲ್ಕು ಕಾಳೆತ್ತಿ ಮುಂದಿನ ಹಲ್ಲಲ್ಲಿ ಕಚ್ಚುತ್ತಿದ್ದ. ಹಲ್ಲು ಹೇಳಿದರೆ ರುಬ್ಬುವುದು, ಇಲ್ಲದಿದ್ದರೆ ಇನ್ನರ್ಧ ಗಂಟೆ ಕಾಯುವುದು. ಈಗ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳೇ ಇರಲಿಲ್ಲ. ಉಗುರಿನಿಂದ ಒತ್ತಿ ನೋಡುತ್ತಿದ್ದ. ಉಗುರಿಗೇನು ತಿಳಿಯುತ್ತದೆ?

ಮೊದಲು ಹೋದದ್ದು ಎರಡೇ ಹಲ್ಲು. ಹೊಗೆಸೊಪ್ಪಿನ ಬೀಡ ಜಗಿದು ಜಗಿದು ಒಸಡು ಸಡಿಲಾಗಿ ಉದುರಿದವು. ಆಗ ದವಾಖಾನೆಗೆ ಹೋಗದೆ, ಸ್ಟೇಷನ್ನಿನ ಹೊರಗೆ ಮೇಜಿಟ್ಟು ಕೂತವನ ಹತ್ತಿರ ಅರ್ಧ ಗಂಟೆಯಲ್ಲಿ ಎರಡು ಹಲ್ಲು ಕಟ್ಟಿಸಿಕೊಂಡು ಬಂದ. ಆ ಪುಣ್ಯಾತ್ಮ ಪಕ್ಕದ ಗಟ್ಟಿ ಹಲ್ಲುಗಳಿಗೆ ತಂತಿ ಬಿಗಿದು, ಏನೋ ಅಂಟು ಮೆತ್ತಿ ಕಳುಹಿಸಿದ್ದ. ವರ್ಷ ತುಂಬುವುದರೊಳಗೆ ಕೀವು ತುಂಬಿ, ಗಟ್ಟಿ ಇದ್ದವೂ ಹೋದವು. ಅಂದಿನಿಂದ ದೂಜಣ್ಣ ಅಡುಗೆಮನೆಯಲ್ಲಿ ಮಾಸ್ಕ್ ತೆಗೆಯಲೇ ಇಲ್ಲ. ಎಲ್ಲರೂ ಎಷ್ಟು ಚೊಕ್ಕದ ಮನುಷ್ಯ ಎಂದುಕೊಂಡರು.

ಹೋಟೆಲಿನ ಧಣಿ ಹಿತೇಶ್, ಮುಂಬೈಯಲ್ಲೇ ಹುಟ್ಟಿದವನು. ಅವನ ತಂದೆಯ ಕಾಲದಿಂದ ದೂಜಣ್ಣ ಅಲ್ಲಿದ್ದ. ಒಂದು ಮಧ್ಯಾಹ್ನ ಹಿತೇಶ್ ಅವನನ್ನು ಕರೆದು, ಬಹಳ ಪ್ರೀತಿಯಿಂದಲೇ ಹೇಳಿದ.

"ದೂಜಣ್ಣ, ದೀಪಾವಳಿ ನಂತರ ನೀವು ಕೌಂಟರಿನಲ್ಲಿ ಕೂತ್ಕೊಳ್ಳಿ. ಪಗಾರ್ ಅಷ್ಟೇ. ಎಷ್ಟು ವರ್ಷ ಬೆಂಕಿ ಮುಂದೆ ನಿಲ್ಲೋದು? ಆರಾಮ್ ಕರೋ ನಾ."

ದೂಜಣ್ಣನಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕೌಂಟರಿನಲ್ಲಿ ಕೂತು ಟೋಕನ್ ಹರಿಯುವುದೆಂದರೆ ಅವನಿಗೆ ಕೈ ಕಟ್ಟಿ ಮೂಲೆಯಲ್ಲಿ ಕೂರಿಸಿದ ಹಾಗೆ. ಆ ಅಡುಗೆಮನೆ ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಗೋರೆಗಾಂವ್ ತನಕ ನಿಂತೇ ಬಂದ, ಸೀಟು ಖಾಲಿಯಾದದ್ದೂ ಕಾಣಲಿಲ್ಲ.

ಸಾಲು ಕೋಣೆಗಳ ಚಾಳಿನ ಮನೆಯಲ್ಲಿ ಹೆಂಡತಿ ಸೇವಂತಿ ಚಾ ಕೊಟ್ಟು ಮುಖ ನೋಡಿದಳು. "ಎಂತ ಆಯ್ತು?"

"ಎಂತ ಆಗುದು. ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಲ್ಲು ಹಾಕಿಸಿಯೇ ಬರುದು. ಇದು ನೋಡು." ಮೊಬೈಲ್ ಮುಂದೆ ಹಿಡಿದ. ಊರಿನ ಕಡೆಯ ಯಾವುದೋ ಕ್ಲಿನಿಕ್ಕಿನ ಜಾಹೀರಾತು. ಮೂರೇ ದಿನದಲ್ಲಿ ಇಂಪ್ಲಾಂಟ್ ಹಲ್ಲು, ಜೀವನಪೂರ್ತಿ ಗ್ಯಾರಂಟಿ, ಅರ್ಧ ಹಣ ಮುಂಗಡ.

ಇಲ್ಲಿ ನಮ್ಮವರದೊಂದು ಮಾತು ಹೇಳಲೇಬೇಕು. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಜನ ಕಣ್ಣಿನ ಪೊರೆ, ಮೊಣಕಾಲು ನೋವು, ಹಲ್ಲು, ಹರ್ನಿಯಾ ಎಲ್ಲವನ್ನೂ 'ಊರಿಗೆ ಹೋದಾಗ' ಎಂದು ಕಟ್ಟಿಡುತ್ತಾರೆ. ಊರಲ್ಲಿ ಸಿಗುವುದು ಹದಿನೈದು ದಿನ. ಅದರಲ್ಲಿ ಎರಡು ಮದುವೆ, ಒಂದು ಭೂತದ ಕೋಲ, ಒಂದು ಗೃಹಪ್ರವೇಶ. ಕಾಯಿಲೆ ಹೋದ ಹಾಗೇ ಗೋರೆಗಾಂವಿಗೆ ವಾಪಸ್ಸು ಬರುತ್ತದೆ. ದೂಜಣ್ಣನ ಹಲ್ಲು ಹೀಗೆ ಎರಡು ಸಲ ಊರು ನೋಡಿ ಬಂದಿತ್ತು.

ಮುಂಗಡ ಕಳುಹಿಸಲು ಅವನು ಮೊಬೈಲ್ ಒತ್ತುವ ಹೊತ್ತಿಗೇ ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು. ಕಲಬುರಗಿ ಕಡೆಯವಳು, ಪಾಲಿಕೆಯ ಆರೋಗ್ಯ ಕೇಂದ್ರದ ಸೇವಿಕೆ. ಚಾಳಿನ ಮನೆಮನೆಗೂ ಬಂದು ಬಿಪಿ, ಶುಗರ್ ವಿಚಾರಿಸುವುದು ಅವಳ ಕೆಲಸ. ಜಾಹೀರಾತಿನದೂ ಕೌಂಟರಿನದೂ ವಿಷಯ ಕೇಳಿ ತಿಳಿದವಳೇ ಹೊಸ್ತಿಲ ಹತ್ತಿರವೇ ಕೂತಳು.

"ತಡೀರಿ ಅಣ್ಣಾರ, ರೊಕ್ಕ ಹಾಕಬ್ಯಾಡ್ರಿ. ನಿಮ್ಮ ಬಾಯಿ ಅವರು ನೋಡ್ಯಾರೇನು? ಎಕ್ಸ್-ರೇ ತೆಗದಾರೇನು?"

"ಇಲ್ಲ. ಫೋನಿನಲ್ಲಿ ಹೇಳಿದ್ದು."

"ಬಾಯಿ ನೋಡದ ಹಲ್ಲಿಗೆ ಗ್ಯಾರಂಟಿ ಹ್ಯಾಂಗ ಕೊಡ್ತಾರ್ರಿ? ಇಂಪ್ಲಾಂಟ್ ಅಂದ್ರ ದವಡಿ ಎಲುಬಿನ್ಯಾಗ ಸಣ್ಣ ಸ್ಕ್ರೂ ಕೂಡಸೂದು. ಎಲುಬು ಅದನ್ನ ಗಟ್ಟಿಯಾಗಿ ಹಿಡಕೋಬೇಕು. ಅದಕ್ಕ ಮೂರು ತಿಂಗಳು, ಕೆಲವರಿಗೆ ಆರು ತಿಂಗಳೂ ಹಿಡೀತದ. ಆಮ್ಯಾಲ ಅದರ ಮ್ಯಾಲ ಹಲ್ಲು. ಒಬ್ಬೊಬ್ಬರಿಗೆ ಲಗೂನ ಹಾಕಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ನಿಮ್ಮ ಎಕ್ಸ್-ರೇ ನೋಡಿದ ಡಾಕ್ಟರ್ ಹೇಳಬೇಕು. ಮೊಬೈಲ್ ಹೇಳಬಾರದು."

ಸೇವಂತಿ ನಡುವೆ ಬಾಯಿ ಹಾಕಿದಳು. "ಅಲ್ಲ, ನಾವು ಮುಂಬೈಗೆ ಬಂದ ಮೇಲೆ ಆ ಸ್ಕ್ರೂ ಅಲ್ಲಾಡಿದರೆ? ಒಂದು ಸ್ಕ್ರೂ ತೋರಿಸ್ಲಿಕ್ಕೆ ಪುನಃ ಟ್ರೈನ್ ಹತ್ತುದಾ?"

"ಮತ್ತೆ ಎಂತ ಮಾಡುದು ಮಾರಾಯ್ತಿ? ಇಲ್ಲಿ ಬಾಂದ್ರಾದ ಒಂದು ಕ್ಲಿನಿಕ್ಕಿನಲ್ಲಿ ಕೇಳಿದೆ. ಅವರು ಹೇಳಿದ ರೇಟಿಗೆ ಊರಿನ ಮನೆಗೆ ಹೊಸ ಹಂಚಿನ ಮಾಡು ಹಾಕ್ಲಿಕ್ಕೆ ಆಗ್ತದೆ."

"ಒಂದೇ ಕಡೆ ಕೇಳಿ ಮುಂಬೈಯಾಗ ಎಲ್ಲಾ ತುಟ್ಟಿ ಅಂದ್ರ ಹ್ಯಾಂಗ?" ಮಹಾದೇವಿ ನಕ್ಕಳು. "ಮುಂಬೈ ಸೆಂಟ್ರಲ್ ಬಾಜೂಕ ಪಾಲಿಕೆಯ ದಂತ ಕಾಲೇಜು ಅದ. ನಿಮ್ಮ ಹೋಟೆಲಿನಿಂದ ಒಂದೇ ಸ್ಟೇಷನ್. ಅಲ್ಲಿ ಹೆಸರು ಬರಸಿ ಕೇಸ್ ಪೇಪರ್ ಚೀಟಿ ಮಾಡಸ್ರಿ. ಸರ್ಕಾರಿ ಕಾಲೇಜು, ಟ್ರಸ್ಟ್ ದವಾಖಾನಿ, ಇಂಥಾ ಕಡೆ ಖರ್ಚು ಭಾಳ ಕಮ್ಮಿ ಆಗ್ತದ. ಲೈನ್ ಇರ್ತದ, ನಾಲ್ಕು ಸಲ ಜಾಸ್ತಿ ತಿರುಗಬೇಕಾಗ್ತದ. ಅಷ್ಟ."

ದೂಜಣ್ಣ ತಲೆ ಕೊಡವಿದ. "ಕಾಲೇಜಿನಲ್ಲಿ ಕಲಿಯುವ ಮಕ್ಕಳಲ್ವಾ ಮಾಡುದು? ಅವರ ಕೈಗೆ ನನ್ನ ಬಾಯಿ ಕೊಡುದಿಲ್ಲ. ಒಂದು ಸಲ ಕೊಟ್ಟು ಸಾಕಾಗಿದೆ."

ಸೇವಂತಿ ಗಂಡನನ್ನೇ ನೋಡಿದಳು. ಅವಳ ಕಣ್ಣಲ್ಲಿ ತುಂಟತನ ಬಂತು. "ನೀವು ದೋಸೆ ಎಲ್ಲಿ ಕಲಿತದ್ದು?"

"ಹೋಟೆಲಿನಲ್ಲಿಯೇ."

"ಕಲಿಯುವಾಗ ಹೊಯ್ದ ದೋಸೆ ಯಾರು ತಿಂದದ್ದು?"

"ಗಿರಾಕಿಗಳು. ಮತ್ತೆ ಯಾರು?"

"ಗಿರಾಕಿ ಸತ್ತರಾ?"

"ಹಾಗೆ ಹೇಗೆ ಸಾಯ್ತಾರೆ? ಅಡುಗೆಯ ದೊಡ್ಡ ಭಟ್ರು ಬೆನ್ನ ಹಿಂದೆಯೇ ನಿಂತಿದ್ದರು. ಅವರು ಹೂಂ ಅನ್ನದೆ ಒಂದು ದೋಸೆ ಕಾವಲಿಯಿಂದ ಏಳ್ತಿರಲಿಲ್ಲ."

"ಅಲ್ಲೂ ಹಂಗ ಅದರಿ," ಎಂದಳು ಮಹಾದೇವಿ. "ಇಂಪ್ಲಾಂಟ್ ಮಾಡೋರು ಹಲ್ಲಿನ ಡಾಕ್ಟರ್ ಆಗಿಯೇ ಮುಂದ ಕಲಿಯೋರು. ಹಿಂದ ಪ್ರೊಫೆಸರ್ ನಿಂತಿರ್ತಾರ. ನಿಮ್ಮ ಸ್ಟೇಷನ್ ಬಾಜೂದವನ ಹಿಂದ ಯಾರು ನಿಂತಿದ್ದರು?"

ದೂಜಣ್ಣ ಮುಂಗಡ ಕಳುಹಿಸುವುದನ್ನು ಅಲ್ಲಿಗೇ ಬಿಟ್ಟ. ಮೊಬೈಲ್ ಕಿಸೆಗೆ ಹಾಕಿದ.

"ಇನ್ನೊಂದು ಮಾತ. ಧಣಿಗೆ ಹಲ್ಲಿನ ವಿಷಯ ಹೇಳೀರೇನು?"

"ನಾಚಿಕೆ ಆಗ್ತದೆ ಮಹಾದೇವಿಯಕ್ಕ."

"ಹಲ್ಲು ಹೋದದ್ದಕ್ಕ ನಾಚಿಕಿ ಯಾಕ್ರಿ? ಹೇಳದಿದ್ದರ ಅವರಿಗೆ ಹ್ಯಾಂಗ ತಿಳೀತದ?"

ಮರುದಿನ ದೂಜಣ್ಣ ಹಿತೇಶನ ಮುಂದೆ ನಿಂತು ಮಾಸ್ಕ್ ತೆಗೆದ. ಹಿತೇಶ್ ಕುರ್ಚಿಯಿಂದ ಎದ್ದು ಹತ್ತಿರ ಬಂದು ನೋಡಿದ. "ಅರೇ ದೂಜಣ್ಣ, ಮುಝೆ ಲಗಾ, ನಿಮಗೆ ಕೆಲಸ ಬೇಜಾರ್ ಆಗಿದೆ ಅಂತ," ಎಂದ. ಆಮೇಲೆ ದಂತ ಕಾಲೇಜಿಗೆ ಹೋಗಲು ಪ್ರತಿ ಗುರುವಾರ ಬೆಳಿಗ್ಗೆ ರಜೆ ಕೊಟ್ಟ. ಆದರೆ ಧಣಿ ಧಣಿಯೇ. "ದೀಪಾವಳಿ ತನಕ ನೋಡೋಣ. ಇಡ್ಲಿ ಸರಿ ಆಗ್ಲೇಬೇಕು, ಗಿರಾಕಿ ಹೋಗ್ತಾ ಇದ್ದಾರೆ," ಎಂದೂ ಹೇಳಿದ.

ದಂತ ಕಾಲೇಜಿನಲ್ಲಿ ದೂಜಣ್ಣನ ಬಾಯಿ ನೋಡಿದವಳು ಡಾಕ್ಟರ್ ಸ್ನೇಹಲ್ ಎಂಬ ಮರಾಠಿ ಹುಡುಗಿ. ಎಕ್ಸ್-ರೇ ಆಯಿತು, ರಕ್ತ ಪರೀಕ್ಷೆ ಆಯಿತು. ಶುಗರ್ ನೋಡಿ ಅವಳ ಹುಬ್ಬು ಮೇಲೆ ಹೋಯಿತು. ದೂಜಣ್ಣನಿಗೆ ತನಗೆ ಶುಗರ್ ಇದೆಯೆಂದೇ ಗೊತ್ತಿರಲಿಲ್ಲ.

"ಕಾಕಾ, ಪಹಿಲೇ ಶುಗರ್ ಕಮ್ಮಿ ಕರೋ. ತಂಬಾಕೂ ಬಂದ್. ನಹೀ ತೋ ಹಡ್ಡೀ ಸ್ಕ್ರೂ ಕೋ ಪಕಡೇಗೀ ನಹೀ," ಎಂದಳು. ಪಕ್ಕದಲ್ಲಿದ್ದ ಪ್ರೊಫೆಸರೂ ಎಕ್ಸ್-ರೇ ಬೆಳಕಿಗೆ ಹಿಡಿದು, ಶುಗರ್ ಇಳಿಯದೆ, ತಂಬಾಕು ಬಿಡದೆ ಎಲುಬು ಸ್ಕ್ರೂವನ್ನು ಹಿಡಿಯುವುದಿಲ್ಲ ಎಂದೇ ಹೇಳಿದರು. ನಾಲ್ಕು ಹಲ್ಲಿಗೆ ನಾಲ್ಕು ಸ್ಕ್ರೂ ಬೇಡ, ಎರಡು ಸ್ಕ್ರೂ ಮೇಲೆ ನಾಲ್ಕು ಹಲ್ಲು ನಿಲ್ಲುತ್ತವೆ, ಬೇಡವೆಂದರೆ ಇನ್ನೂ ಕಡಿಮೆ ಖರ್ಚಿನಲ್ಲಿ ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟೂ ಇದೆ ಎಂದು ವಿವರಿಸಿದರು. ಸ್ನೇಹಲ್ ಎಕ್ಸ್-ರೇಯಿಂದ ಹಿಡಿದು ಕೊನೆಯ ಹಲ್ಲಿನವರೆಗೆ ಒಟ್ಟು ಖರ್ಚು ಒಂದು ಕಾಗದದಲ್ಲಿ ಬರೆದುಕೊಟ್ಟಳು. ಊರಿನವರು ಕೇಳಿದ್ದ ಮುಂಗಡಕ್ಕಿಂತಲೂ ಅದು ಕಡಿಮೆ ಇತ್ತು. ಸೇವಂತಿ ಆ ಕಾಗದವನ್ನು ಎರಡು ಸಲ ಓದಿಸಿಕೊಂಡಳು.

ಬೀಡ ಬಿಡುವುದು ಸುಲಭವಾಗಲಿಲ್ಲ. ಮೊದಲ ವಾರ ದೂಜಣ್ಣ ಅಡುಗೆಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದ. ಸೇವಂತಿ ದಿನಾ ಅವನ ಕಿಸೆಗೆ ಸೋಂಪು ತುಂಬಿ ಕಳುಹಿಸಿದಳು. ಮಹಾದೇವಿ ವಾರಕ್ಕೊಮ್ಮೆ ಬೆರಳು ಚುಚ್ಚಿ ಶುಗರ್ ನೋಡಿದಳು. ಎರಡು ತಿಂಗಳ ಮೇಲೆ ಸ್ನೇಹಲ್, ಇನ್ನು ಸ್ಕ್ರೂ ಕೂರಿಸಬಹುದು ಎಂದು ತಲೆಯಾಡಿಸಿದಳು. ಆ ಮೇ ತಿಂಗಳಲ್ಲಿ ದೂಜಣ್ಣ ಊರಿಗೇ ಹೋಗಲಿಲ್ಲ. ಎರಡು ಮದುವೆಯವರು ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ ಬಿಡಿ.

ಸ್ಕ್ರೂ ಕೂರಿಸುವ ದಿನ ಅವನು ಹೆದರಿದ್ದು ನಿಜ. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ನೋವು ಕಾಣಲಿಲ್ಲ, ಸಂಜೆ ಊದಿಕೊಂಡಿತು, ನಾಲ್ಕು ದಿನದಲ್ಲಿ ಇಳಿಯಿತು. ಎಲುಬು ಹಿಡಿಯುವ ತನಕ ತೆಗೆದಿಟ್ಟು ಹಾಕಿಕೊಳ್ಳುವ ಹಲ್ಲಿನ ಸೆಟ್ಟು ಕೊಟ್ಟರು. ಗಟ್ಟಿ ಏನನ್ನೂ ಕಚ್ಚಬಾರದು. ನಡುವೆ ಒಮ್ಮೆ ಒಸಡು ಕೆಂಪಾದಾಗ ದೂಜಣ್ಣ ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದ. ಊರಿನಲ್ಲಿ ಮಾಡಿಸಿದ್ದರೆ ಒಂದು ರಾತ್ರಿ, ಅರ್ಧ ಹಗಲು ರೈಲಿನಲ್ಲೇ ಕಳೆಯುತ್ತಿತ್ತು.

ದೀಪಾವಳಿಗೆ ಹತ್ತು ದಿನ ಇರುವಾಗ ನಾಲ್ಕು ಹಲ್ಲು ಕೂತವು. ಮರುದಿನ ಮಧ್ಯಾಹ್ನ ದೂಜಣ್ಣ ಅಕ್ಕಿಯ ಪಾತ್ರೆಗೆ ಕೈ ಹಾಕಿ ನಾಲ್ಕು ಕಾಳು ಕಚ್ಚಿದ. "ಇನ್ನೂ ಆಗಲಿಲ್ಲ, ತಡಿ," ಎಂದು ಗ್ರೈಂಡರ್ ನಿಲ್ಲಿಸಿದ. ಹಿಟ್ಟು ರಾತ್ರಿಯಿಡೀ ಹುದುಗಿತು, ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಹಿತೇಶ್ ಒಂದು ಇಡ್ಲಿ ತಿಂದ, ಇನ್ನೆರಡು ಹಾಕಿಸಿಕೊಂಡ. ಕೈ ತೊಳೆದು ಬಂದು, "ಕೌಂಟರ್‌ಗೆ ಬೇರೆ ಯಾರಾದ್ರೂ ಇದ್ರೆ ಹೇಳಿ ದೂಜಣ್ಣ," ಎಂದ. ದೂಜಣ್ಣ ಒಗ್ಗರಣೆಯ ಹೊಗೆ ಎಂದು ಕಣ್ಣೊರೆಸಿಕೊಂಡ.

ಆ ಸಂಜೆ ಅವನು ಮನೆಗೆ ತಾನೇ ಕರಿದ ಚಕ್ಕುಲಿ ತಂದ. ಗಂಡ ಹೆಂಡತಿ ಎದುರುಬದುರು ಕೂತರು. ಅವನು ಸೇವಂತಿಗೆ ಕೇಳಿಸಲೆಂದೇ ಮೆಲ್ಲಗೆ ಕಟುಂ ಎನ್ನಿಸಿದ. ಅವಳು ನಕ್ಕು, ತನ್ನ ಚಕ್ಕುಲಿ ಮುರಿದು ಚಾದಲ್ಲಿ ಅದ್ದಿದಳು.

"ಎಂತ ಅದ್ದುದು? ಗರಿಗರಿ ಉಂಟು, ಹಾಗೇ ತಿನ್ನು."

"ನನಗೆ ಹೀಗೇ ರುಚಿ."

ದೂಜಣ್ಣ ಲೋಟ ಕೆಳಗಿಟ್ಟ. ಗಟ್ಟಿ ತಿಂಡಿಯನ್ನು ಚಾದಲ್ಲಿ ಅದ್ದುತ್ತ ಅದೇ ಮಾತನ್ನು ಅವನು ಎರಡು ವರ್ಷ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದ್ದ. ಆ ಮಾತಿನ ಹಿಂದೆ ಏನಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸೇವಂತಿ, ಬಾಯಿ ತೆಗಿ."

"ಎಂತದ್ದೂ ಇಲ್ಲ. ನೀವೊಂದು."

"ತೆಗಿ ಹೇಳ್ತೇನೆ."

ಎಡಗಡೆ ಕೆಳಗೆ ಎರಡು ದವಡೆ ಹಲ್ಲಿರಲಿಲ್ಲ. ಬಲಗಡೆ ಒಂದು ಕಪ್ಪಗೆ ಕೊಳೆತಿತ್ತು. ಎಷ್ಟು ಕಾಲದಿಂದ ಎಂದು ಕೇಳಿದ. ನಾಲ್ಕು ವರ್ಷ ಎಂದಳು. "ಮೊದಲು ಊರಿಗೆ ಹೋದಾಗ ನೋಡುವ ಅಂತ, ಮತ್ತೆ ನಿಮ್ಮದು ಆಗಲಿ ಅಂತ. ನನಗೇನು ಅಕ್ಕಿ ಕಚ್ಚಲಿಕ್ಕುಂಟಾ?"

ಊರಿಗೆಲ್ಲ ಉಣಿಸಿದ ಮನುಷ್ಯ, ತನ್ನ ಹೆಂಡತಿ ನಾಲ್ಕು ವರ್ಷದಿಂದ ಸರಿಯಾಗಿ ಜಗಿದು ಉಂಡಿಲ್ಲ ಎಂಬುದನ್ನು ನೋಡಿರಲಿಲ್ಲ. ಅವನಿಗೆ ಬಹಳ ದುಃಖವಾಯಿತು. ಅವಳ ಕೈ ಹಿಡಿದುಕೊಂಡ. ಊರಿನ ಕ್ಲಿನಿಕ್ಕಿಗೆಂದು ಇಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಹಾಗೇ ಇತ್ತು. ಗುರುವಾರ ಬೆಳಿಗ್ಗೆ ದಂತ ಕಾಲೇಜಿನ ಲೈನಿನಲ್ಲಿ ಅವನೇ ನಿಂತು ಸೇವಂತಿಯ ಹೆಸರಿಗೆ ಕೇಸ್ ಪೇಪರ್ ಮಾಡಿಸಿದ.

ಓದಿದ ಅಕ್ಕ ಅಣ್ಣಂದಿರೇ, ಹಲ್ಲಿಗೆ ಇಂಪ್ಲಾಂಟೇ ಆಗಬೇಕೆಂದಿಲ್ಲ, ಅದು ಎಲ್ಲರಿಗೂ ಹೊಂದುವುದೂ ಇಲ್ಲ. ಆದರೆ ಕೇಳದೆ ಸುಮ್ಮನಿರಬೇಡಿ. ರಸ್ತೆ ಬದಿಯಲ್ಲಿ ಹಲ್ಲು ಕಟ್ಟಿಸಬೇಡಿ. ನಿಮ್ಮ ನಗರದ ದಂತ ಕಾಲೇಜಿಗೊಮ್ಮೆ ಹೋಗಿ, ಎರಡು ಮೂರು ಕಡೆ ವಿಚಾರಿಸಿ, ಒಟ್ಟು ಖರ್ಚನ್ನೂ ಎಷ್ಟು ಸಲ ಬರಬೇಕೆಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿ ನೋಡುವ ಮೊದಲೇ ಹಣ ಕೇಳಿದವರಿಗೆ ಕೊಡಬೇಡಿ. ಶುಗರ್ ನೋಡಿಸಿ, ತಂಬಾಕು ಬಿಡಿ. ನೀವು ಇರುವ ಊರಿನಲ್ಲೇ, ತಿರುಗಿ ಹೋಗಿ ತೋರಿಸಬಹುದಾದ ಕಡೆಯಲ್ಲೇ ಮಾಡಿಸಿ.

ಇಂದು ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ತಟ್ಟೆಯಿಂದ ಒಮ್ಮೆ ತಲೆಯೆತ್ತಿ. ಯಾರು ಒಂದೇ ಕಡೆ ಜಗಿಯುತ್ತಿದ್ದಾರೆ, ಯಾರು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಮೆತ್ತಗೆ ಮಾಡುತ್ತಿದ್ದಾರೆ ನೋಡಿ. ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ. ನಂಬಬೇಡಿ, ಕರೆದುಕೊಂಡು ಹೋಗಿ.